ಟೂರ್ ಕಾರ್ಡ್‌ನ ಮೂರು ವರ್ಷ: ಒಬ್ಬ ವೃತ್ತಿಪರ ಡಾರ್ಟ್ಸ್ ಆಟಗಾರನ ಏರಿಕೆ ಮತ್ತು ಕುಸಿತ

ಈ ಪ್ರಕರಣದ ಆಟಗಾರ ಇಂಗ್ಲೆಂಡಿನವರು. ಗುರುತು ಸಿಗಬಾರದೆಂದು ಊರು, ಇಸವಿ, ಎದುರಾಳಿಗಳು, ಪ್ರಾಯೋಜಕರು ಇವೆಲ್ಲವನ್ನೂ ಬಿಟ್ಟಿದ್ದೇವೆ, ಕೆಲವು ಅಂಕಿಗಳನ್ನು ತುಸು ಹಿಂದುಮುಂದು ಮಾಡಿದ್ದೇವೆ. ಯಾವುದರ ನಂತರ ಯಾವುದು ನಡೆಯಿತು, ಯಾವ ಹೊತ್ತಿನಲ್ಲಿ ಯಾವ ತೀರ್ಮಾನವಾಯಿತು ಎಂಬುದನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇವೆ. ಇಲ್ಲಿ ಕಲಿಯಬೇಕಾದದ್ದು ಇರುವುದು ಆ ಕ್ರಮದಲ್ಲೇ.

ಹಿನ್ನೆಲೆ

ಕಸುಬಿನಿಂದ ಅವರು ಎಲೆಕ್ಟ್ರಿಷಿಯನ್. ಹದಿನಾರನೇ ವಯಸ್ಸಿನಿಂದ ಪಬ್ ಲೀಗ್, ಆಮೇಲೆ ಕೌಂಟಿ ತಂಡ. ಕೆಲಸ ಮುಗಿಸಿ ಬಂದ ಮೇಲೆ ದಿನಕ್ಕೆ ಎರಡು ಗಂಟೆ ಅಭ್ಯಾಸ: ಇಪ್ಪತ್ತು ನಿಮಿಷ ಟ್ರಿಬಲ್ 20 (20ರ ಮೂರು ಪಟ್ಟು ಅಂಕ ಕೊಡುವ ಒಳಗಿನ ಕಿರು ಪಟ್ಟಿ), ಇಪ್ಪತ್ತು ನಿಮಿಷ ಟ್ರಿಬಲ್ 19, ನಂತರ 1ರಿಂದ 20ರವರೆಗೆ ಸುತ್ತು ಹಾಕಿ ಎಲ್ಲ ಡಬಲ್‌ಗಳು (ಎರಡು ಪಟ್ಟು ಅಂಕ ಕೊಡುವ ಹೊರ ಪಟ್ಟಿ), ಕೊನೆಗೆ 61ರಿಂದ 100ರವರೆಗಿನ ಚೆಕ್‌ಔಟ್‌ಗಳು, ಅಂದರೆ ಬಾಕಿ ಅಂಕವನ್ನು ಒಂದೇ ಸರದಿಯಲ್ಲಿ ಮುಗಿಸುವುದು. ಎಷ್ಟು ಡಬಲ್‌ಗೆ ಎಸೆದರು, ಎಷ್ಟು ಬಿದ್ದವು ಎಂಬುದನ್ನು ಪ್ರತಿದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಈ ನೋಟ್‌ಬುಕ್ ಮುಂದೆ ಮುಖ್ಯವಾಗುತ್ತದೆ.

ಆಟದ ಪರಿಚಯ ಕಡಿಮೆ ಇರುವವರಿಗೆ ಎರಡು ಮಾತು. ನಿಂತು ಎಸೆಯುವ ಗೆರೆಯಿಂದ ಬೋರ್ಡ್‌ಗೆ 2.37 ಮೀಟರ್, ನೆಲದಿಂದ ಬೋರ್ಡಿನ ನಡುವಿನ ಬುಲ್‌ಗೆ 1.73 ಮೀಟರ್. 501ರಿಂದ ಕಳೆಯುತ್ತ ಸರಿಯಾಗಿ ಸೊನ್ನೆಗೆ ಬರಬೇಕು, ಕೊನೆಯ ಡಾರ್ಟ್ ಡಬಲ್‌ಗೆ ಅಥವಾ ಬುಲ್ ನಡುವಿಗೆ ಬೀಳಬೇಕು. ಡಬಲ್ ಪಟ್ಟಿಯ ಅಗಲ ಬರೀ 8 ಮಿಲಿಮೀಟರ್. ಆಟಗಾರನ ಮಟ್ಟವನ್ನು ಸಾಮಾನ್ಯವಾಗಿ ಮೂರು ಡಾರ್ಟ್‌ಗಳ ಸರಾಸರಿಯಿಂದ ಅಳೆಯುತ್ತಾರೆ. ಇವರದ್ದು ಆಗ 93ರ ಆಸುಪಾಸಿನಲ್ಲಿತ್ತು.

ಪಿಡಿಸಿ (ಪ್ರೊಫೆಷನಲ್ ಡಾರ್ಟ್ಸ್ ಕಾರ್ಪೊರೇಷನ್) ನಡೆಸುವ ವೃತ್ತಿಪರ ಸರ್ಕ್ಯೂಟಿಗೆ ಬಾಗಿಲು ಎಂದರೆ ಜನವರಿಯಲ್ಲಿ ನಡೆಯುವ ಕ್ಯೂ-ಸ್ಕೂಲ್. ಅಲ್ಲಿ ಗೆದ್ದವರಿಗೆ ಎರಡು ವರ್ಷದ ಟೂರ್ ಕಾರ್ಡ್. ಒಟ್ಟು 128 ಜನರಿಗಷ್ಟೇ ಈ ಕಾರ್ಡ್ ಇರುತ್ತದೆ. ಹೊಸಬರ ಬಹುಮಾನದ ಲೆಕ್ಕ ಸೊನ್ನೆಯಿಂದ ಶುರು. ಎರಡು ವರ್ಷ ಮುಗಿದಾಗ ಬಹುಮಾನದ ಮೊತ್ತದ ರ‍್ಯಾಂಕಿಂಗ್‌ನಲ್ಲಿ ಮೊದಲ 64ರೊಳಗೆ ಇದ್ದರೆ ಕಾರ್ಡ್ ಉಳಿಯುತ್ತದೆ, ಅಲ್ಲಿಂದ ಮುಂದೆ ವರ್ಷ ವರ್ಷವೂ ಅದೇ ಪರೀಕ್ಷೆ. ನಮ್ಮ ಆಟಗಾರ ಎರಡನೇ ಪ್ರಯತ್ನದಲ್ಲಿ ಕಾರ್ಡ್ ಗೆದ್ದರು.

ಏರಿಕೆ

ಮೊದಲ ವರ್ಷ ಕೆಲಸ ಬಿಡಲಿಲ್ಲ. ಪ್ಲೇಯರ್ಸ್ ಚಾಂಪಿಯನ್‌ಶಿಪ್ ಪಂದ್ಯಗಳು ಬಾರ್ನ್ಸ್‌ಲಿ, ವಿಗನ್, ಜರ್ಮನಿಯ ಹಿಲ್ಡೆಸ್‌ಹೈಮ್ ಮುಂತಾದ ಕಡೆ ಒಂದೇ ಸಭಾಂಗಣದಲ್ಲಿ ಸಾಲು ಸಾಲು ಬೋರ್ಡ್‌ಗಳ ಮೇಲೆ ನಡೆಯುತ್ತವೆ. 501ರಿಂದ ಸೊನ್ನೆಯವರೆಗಿನ ಒಂದು ಆಟವೇ ಒಂದು ಲೆಗ್; 11 ಲೆಗ್‌ಗಳ ಪಂದ್ಯ, 6 ಗೆದ್ದವರು ಮುಂದಕ್ಕೆ. ಮೊದಲ ಸುತ್ತಿನಲ್ಲೇ ಸೋತರೆ ಕೈಗೆ ಏನೂ ಬರುವುದಿಲ್ಲ, ಪ್ರಯಾಣ ಮತ್ತು ಹೋಟೆಲ್ ಖರ್ಚು ಆಟಗಾರನದೇ. ರಜೆ ಹೊಂದಿಸಿಕೊಂಡು ಆಡಿದರೂ ಅವರ ಆಟ ಏರುತ್ತಲೇ ಹೋಯಿತು. ಸರಾಸರಿ 95 ದಾಟಿತು, ಡಬಲ್ ಯಶಸ್ಸು 41 ಶೇಕಡಾ. ಇಂಥ ಪಂದ್ಯಾವಳಿಗಳ ಬಹುಮಾನ ಲೆಕ್ಕ ಹಾಕುವ ಪ್ರೊ ಟೂರ್ ಪಟ್ಟಿಯ ಮೂಲಕ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನ ವಿಶ್ವ ಚಾಂಪಿಯನ್‌ಶಿಪ್‌ಗೆ ಅರ್ಹತೆ ಸಿಕ್ಕಿತು.

ಅಲ್ಲಿ ಎರಡು ಪಂದ್ಯ ಗೆದ್ದು ಮೂರನೇ ಸುತ್ತಿನಲ್ಲಿ ಸೋತರು. ಆಗ 96 ಆಟಗಾರರಿದ್ದ ಆ ಪಂದ್ಯಾವಳಿಯಲ್ಲಿ ಮೊದಲ ಸುತ್ತಿನಲ್ಲಿ ಸೋತವರಿಗೆ 7,500 ಪೌಂಡ್, ಮೂರನೇ ಸುತ್ತಿನಲ್ಲಿ ಸೋತವರಿಗೆ 25,000 ಪೌಂಡ್. ಎರಡು ರಾತ್ರಿಯ ಆ ಹಣ, ವರ್ಷಪೂರ್ತಿ ಸಭಾಂಗಣಗಳಲ್ಲಿ ದುಡಿದದ್ದಕ್ಕೆ ಹೆಚ್ಚುಕಡಿಮೆ ಸಮವಾಗಿತ್ತು.

ಮುಂದಿನ ಎಂಟು ವಾರಗಳಲ್ಲಿ ಮೂರು ತೀರ್ಮಾನಗಳಾದವು. ಕುಸಿತದ ಬೇರು ಇಲ್ಲಿದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆ ಹೊತ್ತಿನಲ್ಲಿ ಮೂರೂ ಸರಿಯಾಗಿಯೇ ಕಂಡಿದ್ದವು.

ಮೊದಲನೆಯದು, ಕೆಲಸ ಬಿಟ್ಟದ್ದು. ರ‍್ಯಾಂಕಿಂಗ್‌ನಲ್ಲಿ ಪ್ರತಿ ಬಹುಮಾನಕ್ಕೂ ಎರಡು ವರ್ಷದ ಆಯಸ್ಸು. ಅದೇ ಪಂದ್ಯಾವಳಿ ಎರಡು ವರ್ಷದ ನಂತರ ಮತ್ತೆ ಬಂದಾಗ ಹಳೆಯ ಮೊತ್ತ ಲೆಕ್ಕದಿಂದ ಬಿದ್ದುಹೋಗುತ್ತದೆ. 25,000 ಪೌಂಡ್ ಯಾವ ತಿಂಗಳು ಬೀಳುತ್ತದೆ ಎಂಬುದು ಬಂದ ದಿನವೇ ಗೊತ್ತಿತ್ತು. ಆದರೂ ಮನೆಯ ಲೆಕ್ಕ ಹಾಕುವಾಗ ಆ ಮೊತ್ತವನ್ನು ವರ್ಷಕ್ಕೊಮ್ಮೆ ಬರುವ ಆದಾಯದ ಸಾಲಿಗೆ ಸೇರಿಸಿದರು.

ಎರಡನೆಯದು, ಸಲಕರಣೆ ಒಪ್ಪಂದ. ಹತ್ತು ವರ್ಷದಿಂದ ಎಸೆದದ್ದು 23 ಗ್ರಾಂ ತೂಕದ, ಉದ್ದಕ್ಕೂ ಒಂದೇ ದಪ್ಪವಿದ್ದ, 90 ಶೇಕಡಾ ಟಂಗ್‌ಸ್ಟನ್ ಬ್ಯಾರೆಲ್ (ಡಾರ್ಟ್‌ನಲ್ಲಿ ಬೆರಳು ಹಿಡಿಯುವ ಲೋಹದ ಭಾಗ). ಹಿಡಿತಕ್ಕಾಗಿ ಅದರ ಮೇಲಿದ್ದ ಗೀರು ಸವೆದು ನುಣುಪಾಗಿತ್ತು. ಹೊಸ ಕಂಪನಿ ಅವರ ಹೆಸರಿನಲ್ಲೇ ಹೊರತಂದ ಬ್ಯಾರೆಲ್ 24 ಗ್ರಾಂನದು, ಮುಂಭಾಗದಲ್ಲಿ ಉಬ್ಬು, ತೂಕವೂ ಮುಂದಕ್ಕೆ, ಗೀರು ಚೂಪು. ಒಂದು ಗ್ರಾಂ ದೊಡ್ಡ ವಿಷಯವಲ್ಲ. ಆದರೆ ತೂಕದ ಕೇಂದ್ರ ಮುಂದೆ ಹೋದಂತೆ ಹೆಬ್ಬೆರಳೂ ಸುಮಾರು 8 ಮಿಲಿಮೀಟರ್ ಮುಂದೆ ಸರಿಯಿತು. ಡಾರ್ಟ್‌ಗಳು ಟ್ರಿಬಲ್ 20ರ ಕೆಳಗೆ ಬೀಳತೊಡಗಿದವು. ಅದನ್ನು ಸರಿಮಾಡಲು ಅವರು ಡಾರ್ಟ್ ಬಿಡುವ ಕ್ಷಣವನ್ನೇ ಬದಲಿಸಿದರು. ಅಷ್ಟು ವರ್ಷ ತಾನೇ ತಾನಾಗಿ ಆಗುತ್ತಿದ್ದ ಕೆಲಸಕ್ಕೆ ಈಗ ಗಮನ ಕೊಡಬೇಕಾಯಿತು. ಚೂಪು ಗೀರಿಗೆ ಬೆರಳು ಕಚ್ಚಿಕೊಳ್ಳುತ್ತಿದ್ದುದು ಬೇರೆ.

ಮೂರನೆಯದು ಯಾರ ಕಣ್ಣಿಗೂ ತೀರ್ಮಾನವಾಗಿ ಕಾಣಲಿಲ್ಲ: ನೋಟ್‌ಬುಕ್ ಬರೆಯುವುದು ನಿಂತಿತು. ಪೂರ್ಣಾವಧಿ ಆಟಗಾರನ ಅಂಕಿಅಂಶಗಳು ಹೇಗೂ ದಾಖಲಾಗುತ್ತವಲ್ಲ ಎಂಬ ಸಮಾಧಾನ.

ಸಮಸ್ಯೆ

ಎರಡನೇ ವರ್ಷದ ದಾಖಲೆಗಳನ್ನು ಈಗ ಹರಡಿಕೊಂಡು ನೋಡಿದರೆ ಲಕ್ಷಣ ಬೇಸಿಗೆಯ ಹೊತ್ತಿಗೇ ಎದ್ದು ಕಾಣುತ್ತದೆ. ಲೆಗ್‌ನ ಮೊದಲ ಒಂಬತ್ತು ಡಾರ್ಟ್‌ಗಳ ಸರಾಸರಿ 99ರಿಂದ 98ಕ್ಕೆ ಇಳಿದಿತ್ತು ಅಷ್ಟೆ. ಅಂದರೆ ಅಂಕ ಗಳಿಸುವ ತೋಳು ಚೆನ್ನಾಗಿಯೇ ಇತ್ತು. ಡಬಲ್ ಮಾತ್ರ 41ರಿಂದ 34 ಶೇಕಡಾಕ್ಕೆ ಜಾರಿತ್ತು. ಒಟ್ಟು ಸರಾಸರಿಯೊಂದನ್ನೇ ನೋಡಿದವರಿಗೆ ಕಂಡದ್ದು ಎರಡು ಅಂಕದ ಇಳಿಕೆ, ‘ಫಾರ್ಮ್ ಸ್ವಲ್ಪ ಕೆಟ್ಟಿದೆ’ ಎಂದು ಬಿಡಬಹುದಾದ ಇಳಿಕೆ. ವಿಡಿಯೊಗಳಲ್ಲಿ ಇನ್ನೊಂದು ಸಂಗತಿ ಇದೆ: ಟ್ರಿಬಲ್‌ಗೆ ಎಸೆಯುವಾಗ ಕೈ ಒಮ್ಮೆ ಹಿಂದೆ ಬಂದು ಮುಂದೆ ಹೋಗುತ್ತದೆ, ಡಬಲ್‌ಗೆ ಎಸೆಯುವಾಗ ಎರಡು ಸಲ.

ಆ ವರ್ಷದ ವಿಶ್ವ ಚಾಂಪಿಯನ್‌ಶಿಪ್‌ಗೆ ಮತ್ತೆ ಅರ್ಹತೆ ಪಡೆದರು, ಮೊದಲ ಸುತ್ತಿನಲ್ಲೇ ಹೊರಬಿದ್ದರು. ಜನವರಿಯಲ್ಲಿ ಪಟ್ಟಿ ಬಂದಾಗ 58ನೇ ಸ್ಥಾನ, ಕಾರ್ಡ್ ಭದ್ರ. ಮನೆಯವರು, ಮ್ಯಾನೇಜರ್ ಎಲ್ಲರೂ ಸಂಭ್ರಮಿಸಿದರು. ಹಿಂದಿನ ವರ್ಷದ ಆ 25,000 ಪೌಂಡ್ ತೆಗೆದು ನೋಡಿದ್ದರೆ ಅವರು 64ರಿಂದ ಬಹಳ ಹೊರಗಿದ್ದರು. ಎರಡು ವರ್ಷದ ಮೊತ್ತದ ಮೇಲೆ ನಿಂತ ರ‍್ಯಾಂಕಿಂಗ್ ಕಳೆದುಹೋದ ಆಟವನ್ನು ತೋರಿಸುತ್ತದೆ, ಇವತ್ತಿನ ಆಟವನ್ನಲ್ಲ. ಡಬಲ್ ಶೇಕಡಾವಾರು ಆರು ತಿಂಗಳ ಮುಂಚೆಯೇ ಹೇಳಿದ್ದನ್ನು ಪಟ್ಟಿ ಇನ್ನೂ ಹೇಳಿರಲಿಲ್ಲ, ಎಲ್ಲರೂ ನಂಬಿದ್ದು ಪಟ್ಟಿಯನ್ನು.

ಮೂರನೇ ವರ್ಷದ ಮಾರ್ಚ್‌ನಲ್ಲಿ ಅದು ಹೊರಬಿತ್ತು. ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನ ಮೊದಲ ಸುತ್ತು, 5-5, ನಿರ್ಣಾಯಕ ಲೆಗ್. ಇವರಿಗೆ 32 ಬಾಕಿ, ಕೈಯಲ್ಲಿ ಮೂರು ಡಾರ್ಟ್, ಎದುರಾಳಿ 96ರಲ್ಲಿ. ಡಬಲ್ 16ಕ್ಕೆ ಎಸೆದ ಮೊದಲ ಡಾರ್ಟ್ ತಂತಿಯ ಹೊರಗೆ ಬಿತ್ತು. ಎರಡನೆಯದಕ್ಕೆ ಕೈ ಹಿಂದೆ ಬಂತು, ಮುಂದೆ ಹೋಯಿತು, ಬಿಡಬೇಕಾದ ಜಾಗದಲ್ಲಿ ಯಾರೋ ಹಿಡಿದುಕೊಂಡಂತೆ ನಿಂತಿತು. ಮೂರು ಸಲ ಹಾಗೇ ಆಯಿತು. ನಾಲ್ಕನೇ ಸಲ ಆ ಡಾರ್ಟ್ ಕೆಳಗೆ ಜಾರಿ ಒಂಟಿ 7ಕ್ಕೆ ಬಿತ್ತು. ಈಗ 25. ಒಂಟಿ 17 ಹೊಡೆದರೆ 8 ಉಳಿಯುತ್ತದೆ. ಗೆರೆ ಬಿಟ್ಟು ಹಿಂದೆ ಸರಿದು ಅಂಗೈ ಒರೆಸಿಕೊಂಡು ಬಂದರು. ಮತ್ತೆ ನಾಲ್ಕು ತಡೆ, ಡಾರ್ಟ್ ಹೋದದ್ದು ಪಕ್ಕದ 2ಕ್ಕೆ. ಎದುರಾಳಿ ಟ್ರಿಬಲ್ 20, ಡಬಲ್ 18 ಹೊಡೆದು ಮುಗಿಸಿದರು.

ಬಿಡುವ ಕ್ಷಣದಲ್ಲಿ ಕೈ ತಡೆದು ನಿಲ್ಲುವ ಈ ತೊಂದರೆಯೇ ಡಾರ್ಟೈಟಿಸ್. ಐದು ಬಾರಿಯ ವಿಶ್ವ ಚಾಂಪಿಯನ್ ಎರಿಕ್ ಬ್ರಿಸ್ಟೊ ಅವರನ್ನು 1980ರ ದಶಕದ ಉತ್ತರಾರ್ಧದಲ್ಲಿ ಕಾಡಿದ್ದು ಇದೇ. 1986ರ ನಂತರ ಅವರು ಇನ್ನೂ ನಾಲ್ಕು ಫೈನಲ್ ತಲುಪಿದರು, ಆರನೇ ಪ್ರಶಸ್ತಿ ಬರಲಿಲ್ಲ. 2017ರ ಗ್ರ್ಯಾಂಡ್ ಸ್ಲ್ಯಾಮ್ ಆಫ್ ಡಾರ್ಟ್ಸ್‌ನಲ್ಲಿ ಡಚ್ ಆಟಗಾರ ಬೆರಿ ಫಾನ್ ಪೇರ್ ಡಾರ್ಟ್ ಬಿಡಲಾಗದೆ ಒದ್ದಾಡಿದ್ದನ್ನು ಟಿವಿಯಲ್ಲಿ ಎಲ್ಲರೂ ಕಂಡರು. 2023ರ ವರ್ಲ್ಡ್ ಮ್ಯಾಚ್‌ಪ್ಲೇ ವಿಜೇತ ನೇಥನ್ ಆಸ್ಪಿನಾಲ್ ತಮಗೂ ಈ ತೊಂದರೆ ಇರುವುದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಇಷ್ಟು ದೊಡ್ಡವರಿಗೆ ಬಂದದ್ದನ್ನು ನಾಚಿಕೆಯ ವಿಷಯವೆಂದು ಮುಚ್ಚಿಡುವ ಅಗತ್ಯ ಯಾರಿಗೂ ಇಲ್ಲ. ನಮ್ಮ ಆಟಗಾರ ಮುಚ್ಚಿಟ್ಟರು, ನಾಲ್ಕು ತಿಂಗಳು. ಕೇಳಿದವರಿಗೆಲ್ಲ ಭುಜದ ನೋವು ಎಂದರು.

ಮೊದಲು ಮಾಡಿದ್ದು

ಆ ನಾಲ್ಕು ತಿಂಗಳಲ್ಲಿ ಮಾಡಿದ್ದೆಲ್ಲ ಬೆಂಕಿಗೆ ತುಪ್ಪ ಸುರಿದಂತಾಯಿತು. ಏಕೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ಆಟಗಾರರು ಹೋಗುವುದು ಇದೇ ದಾರಿಯಲ್ಲಿ.

ಮೊದಲಿಗೆ ಸಲಕರಣೆ. 24 ಗ್ರಾಂನಿಂದ 22, ಅಲ್ಲಿಂದ 26. ಸ್ಟೆಮ್ (ಬ್ಯಾರೆಲ್ ಹಿಂದಿನ ಕಡ್ಡಿ) ಮಧ್ಯಮದಿಂದ ಗಿಡ್ಡಕ್ಕೆ, ಫ್ಲೈಟ್ (ಬಾಲದ ರೆಕ್ಕೆ) ಅಗಲದಿಂದ ಸಣ್ಣದಕ್ಕೆ, ಬೆರಳಿಗೆ ಮೇಣ. ಯಾವುದೂ ಒಂದು ವಾರ ದಾಟಲಿಲ್ಲ. ಹೊಸ ಡಾರ್ಟ್ ಹಿಡಿದ ಮೊದಲ ಎರಡು ಮೂರು ದಿನ ಕೈ ಸಲೀಸಾಗಿ ಹೋಗುತ್ತಿತ್ತು, ಹಾಗಾಗಿ ಪ್ರತಿ ಸಲವೂ ಉತ್ತರ ಸಿಕ್ಕಿತೆಂದೇ ಅನಿಸುತ್ತಿತ್ತು. ಡಾರ್ಟೈಟಿಸ್‌ನಲ್ಲಿ ಇದು ಸಾಮಾನ್ಯ: ಹೊಸ ಸ್ಪರ್ಶ ಹಳೆಯ ಅಂಜಿಕೆಯ ಕೊಂಡಿಯನ್ನು ಸ್ವಲ್ಪ ಕಾಲ ಕಳಚುತ್ತದೆ, ಬಳಕೆಯಾದಂತೆ ಅಂಜಿಕೆ ಮರಳುತ್ತದೆ. ತೂಕ, ಸ್ಟೆಮ್, ಫ್ಲೈಟ್ ಮೂರನ್ನೂ ಒಟ್ಟಿಗೆ ಬದಲಿಸಿದ್ದರಿಂದ ಯಾವುದು ಏನು ಮಾಡಿತು ಎಂಬುದೂ ತಿಳಿಯಲಿಲ್ಲ.

ಆಮೇಲೆ ಅಭ್ಯಾಸ. ಎರಡು ಗಂಟೆ ಇದ್ದದ್ದು ಐದಾಯಿತು. ಕೈ ತಡೆದಾಗ ನಿಲ್ಲಿಸದೆ, ಹಟದಿಂದ ಮತ್ತೆ ಮತ್ತೆ ಹಿಂದೆಮುಂದೆ ಆಡಿಸಿ ಹೇಗಾದರೂ ಎಸೆಯುವುದು. ಹೀಗೆ ಮಾಡಿದಾಗ ದೇಹ ಕಲಿಯುವುದು ತಡೆಯನ್ನೇ. ದಿನಕ್ಕೆ ನೂರಾರು ಸಲ ತಡೆಯ ತಾಲೀಮು ನಡೆಯಿತು.

ಪಂದ್ಯಕ್ಕೆ ಮುನ್ನ ಬಿಯರ್ ಕುಡಿಯುವ ಪ್ರಮಾಣವೂ ಏರಿತು. ಒಂದು ಪಿಂಟ್ ಎರಡಾಯಿತು, ನಾಲ್ಕಾಯಿತು. ತಡೆ ಕಡಿಮೆಯಾಗುತ್ತಿತ್ತು ನಿಜ, ಆದರೆ ಪಂದ್ಯಗಳು ಬೆಳಗ್ಗೆಯಿಂದ ಸಂಜೆಯವರೆಗೆ ನಡೆಯುವ ದಿನ ಮೂರನೇ ಸುತ್ತಿನ ಹೊತ್ತಿಗೆ ಗುರಿಯೇ ಹೋಗಿರುತ್ತಿತ್ತು.

ನಡುವೆ ಒಂದು ಅಪಾಯ ಕೂದಲೆಳೆಯಲ್ಲಿ ತಪ್ಪಿತು. ಎದೆಬಡಿತ, ನಡುಕ ಎಂದು ವೈದ್ಯರ ಬಳಿ ಹೋದಾಗ ಅವರು ಪ್ರೊಪ್ರಾನೊಲಾಲ್ ಬರೆದುಕೊಟ್ಟರು. ಆತಂಕಕ್ಕೆ ಇದು ಸಾಮಾನ್ಯವಾಗಿ ಕೊಡುವ ಔಷಧ. ಆದರೆ ಬೀಟಾ ಬ್ಲಾಕರ್‌ಗಳು ಡಾರ್ಟ್ಸ್‌ನಲ್ಲಿ ಸ್ಪರ್ಧೆಯ ವೇಳೆ ನಿಷಿದ್ಧ. ಕೈ ನಡುಕ ತಗ್ಗಿಸುವ ಅವುಗಳ ಗುಣವೇ ಗುರಿಯ ಆಟಗಳಲ್ಲಿ ಅನುಚಿತ ಲಾಭವಾಗುತ್ತದೆ. ಸಹ ಆಟಗಾರರೊಬ್ಬರು ಗಮನಿಸಿ ಎಚ್ಚರಿಸಿದ್ದರಿಂದ ಮಾತ್ರೆ ನುಂಗುವ ಮುಂಚೆಯೇ ವಿಷಯ ಗೊತ್ತಾಯಿತು. ವೈದ್ಯರಿಗೆ ತಾನು ವೃತ್ತಿಪರ ಆಟಗಾರ ಎಂದು ಇವರು ಹೇಳಿಯೇ ಇರಲಿಲ್ಲ.

ಹಣದ ಒತ್ತಡಕ್ಕೆ ವಾರದ ದಿನಗಳಲ್ಲಿ ಆನ್‌ಲೈನ್‌ನಲ್ಲಿ ಪ್ರಸಾರವಾಗುವ ಲೀಗ್‌ಗಳಿಗೂ ಸೇರಿದರು. ಒಂದೇ ದಿನ ಹಲವು ಪಂದ್ಯ, ಪ್ರತಿಯೊಂದೂ ಕ್ಯಾಮೆರಾ ಮುಂದೆ.

ನಂತರ ಮಾಡಿದ್ದು

ಜುಲೈನಲ್ಲಿ ಕೌಂಟಿ ತಂಡದ ಹಳೆಯ ನಾಯಕರು ಅವರನ್ನು ಕೂರಿಸಿಕೊಂಡು ನೇರವಾಗಿ ಕೇಳಿದರು. ಆಗ ಬಾಯಿ ಬಿಟ್ಟರು. ಅಲ್ಲಿಂದ ಕೆಲಸ ಕ್ರಮಕ್ಕೆ ಬಂತು.

ಮೊದಲ ಹೆಜ್ಜೆ ನರರೋಗ ತಜ್ಞರ ಭೇಟಿ. ಇಂಥ ತಡೆಯ ಹಿಂದೆ ಎರಡು ಬಗೆ ಇರುತ್ತವೆ: ಒಂದೇ ಚಲನೆಯನ್ನು ವರ್ಷಗಟ್ಟಲೆ ಮಾಡಿದ ಸ್ನಾಯುಗಳು ತಾವಾಗಿ ಬಿಗಿದುಕೊಳ್ಳುವ ನರಸಂಬಂಧಿ ತೊಂದರೆ ಒಂದು, ಆತಂಕದಿಂದ ಬರುವುದು ಇನ್ನೊಂದು. ಎರಡೂ ಬೆರೆತಿರುವುದೂ ಉಂಟು. ಬೇರ್ಪಡಿಸಲು ಸುಲಭದ ಪರೀಕ್ಷೆ ಎಂದರೆ ಎಣಿಕೆ. ಒಬ್ಬರೇ ಇದ್ದಾಗ 100 ಎಸೆತಕ್ಕೆ 4 ತಡೆ, ಯಾರಾದರೂ ನೋಡುತ್ತಿದ್ದರೆ 22. ಬರೆಯುವಾಗ, ಸ್ಕ್ರೂಡ್ರೈವರ್ ತಿರುಗಿಸುವಾಗ ಏನೂ ಇಲ್ಲ. ಹೆಚ್ಚಿನ ಪಾಲು ಆತಂಕದ್ದೇ ಎಂದು ತಜ್ಞರು ತೀರ್ಮಾನಿಸಿದರು. ಕ್ರೀಡಾ ಮನಃಶಾಸ್ತ್ರಜ್ಞರೊಬ್ಬರು ತರಬೇತುದಾರರ ಜೊತೆ ಕೂತು ಯೋಜನೆ ರೂಪಿಸಿದರು.

ಹಳೆಯ 23 ಗ್ರಾಂ ಬ್ಯಾರೆಲ್‌ಗೆ ಮರಳಿದರು, ಇನ್ನು ಬದಲಾವಣೆ ಇಲ್ಲವೆಂಬ ಷರತ್ತಿನೊಂದಿಗೆ. ಬೋರ್ಡನ್ನು ಹಿಂಬದಿ ಮುಂದೆ ಬರುವಂತೆ ತಿರುಗಿಸಿ ತೂಗುಹಾಕಿದರು. ಅಂಕವಿಲ್ಲ, ಗುರಿಯಿಲ್ಲ, ಕೈಯಿಂದ ಡಾರ್ಟ್ ಹೋದರೆ ಸಾಕು. 1 ಮೀಟರ್ ದೂರದಿಂದ 30 ಎಸೆತ, ಮೂರು ಸರದಿ. ಉಸಿರು ಹೊರಗೆ ಬಿಡುತ್ತ ಕೈ ಮುಂದಕ್ಕೆ. ತಡೆ ಬಂದರೆ ಎರಡನೇ ಯತ್ನ ಇಲ್ಲವೇ ಇಲ್ಲ: ಡಾರ್ಟ್ ಮೇಜಿನ ಮೇಲಿಟ್ಟು, ಗೆರೆಯಿಂದ ಆಚೆ ಹೋಗಿ, ಹೊಸದಾಗಿ ಬಂದು ನಿಲ್ಲಬೇಕು. ಒಂದೇ ಸರದಿಯಲ್ಲಿ ಮೂರು ತಡೆಯಾದರೆ ಆ ದಿನದ ಅಭ್ಯಾಸ ಮುಗಿಯಿತು. ಸತತ ನಾಲ್ಕು ದಿನ 100ಕ್ಕೆ 2ಕ್ಕಿಂತ ಕಡಿಮೆ ಬಂದರೆ 1.5 ಮೀಟರ್, ಆಮೇಲೆ 2, ಕೊನೆಗೆ 2.37. ಅದಾದ ಮೇಲೆ ಬೋರ್ಡ್ ತಿರುಗಿಸುವುದು, ಒಬ್ಬ ನೋಡುಗ, ಲೆಕ್ಕವಿಡುವ ಎದುರಾಳಿ, ಕಟ್ಟಕಡೆಗೆ ಡಬಲ್.

ಎರಡು ಮೀಟರಿಗೆ ಬರುವ ಹೊತ್ತಿಗೆ ಅಕ್ಟೋಬರ್. ವರ್ಷದ ಕೊನೆಯ ಆರು ಪ್ಲೇಯರ್ಸ್ ಚಾಂಪಿಯನ್‌ಶಿಪ್‌ಗಳು ಬಾಕಿ, ಅಷ್ಟರಲ್ಲಿ 61ನೇ ಸ್ಥಾನ. ಆಡಬೇಕೇ, ಬಿಡಬೇಕೇ? ಅವರು ಆಡಲು ಹೋದರು. ಆರರಲ್ಲಿ ಐದು ಕಡೆ ಮೊದಲ ಸುತ್ತಿನಲ್ಲೇ ಸೋಲು, ತಡೆಯ ಎಣಿಕೆ ಮತ್ತೆ 20ರ ಹತ್ತಿರ. ನಮ್ಮ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ತಪ್ಪಿಸಲು ಸಾಧ್ಯವಿದ್ದ ಹೆಜ್ಜೆ ಇದೇ. ಜನವರಿಯಲ್ಲಿ 25,000 ಪೌಂಡ್ ಬಿದ್ದುಹೋಗುವುದು ಖಚಿತವಿತ್ತು, ವಿಶ್ವ ಚಾಂಪಿಯನ್‌ಶಿಪ್‌ಗೆ ಅರ್ಹತೆ ಕೈತಪ್ಪಿಯಾಗಿತ್ತು. ಆ ಆರರಲ್ಲಿ ಒಂದನ್ನು ಗೆದ್ದಿದ್ದರೂ 64ರೊಳಗೆ ಉಳಿಯುತ್ತಿರಲಿಲ್ಲ. ಕಾರ್ಡ್ ಆಗಲೇ ಹೋಗಿತ್ತು. ಪೆನ್ನು ಹಿಡಿದು ಹತ್ತು ನಿಮಿಷ ಕೂತಿದ್ದರೆ ಗೊತ್ತಾಗುತ್ತಿದ್ದ ಸಂಗತಿ. ಉಳಿಸಿಕೊಳ್ಳಬಹುದಾಗಿದ್ದದ್ದು ಮೂರು ತಿಂಗಳ ದುಡಿಮೆಯಿಂದ ಹದಕ್ಕೆ ಬಂದಿದ್ದ ಕೈಯನ್ನು.

ಫಲಿತಾಂಶ

ಜನವರಿಯ ಪಟ್ಟಿಯಲ್ಲಿ 83ನೇ ಸ್ಥಾನ. ಕಾರ್ಡ್ ಹೋಯಿತು. ಅದೇ ತಿಂಗಳು ಕ್ಯೂ-ಸ್ಕೂಲ್‌ಗೆ ಹೋದರು. ಕಾರ್ಡ್ ಆಗಷ್ಟೇ ಕಳೆದುಕೊಂಡವರಾದ್ದರಿಂದ ನೇರವಾಗಿ ಅಂತಿಮ ಹಂತಕ್ಕೆ ಪ್ರವೇಶ, ನಾಲ್ಕು ದಿನದಲ್ಲಿ ಗೆದ್ದದ್ದು ಮೂರು ಪಂದ್ಯ. ಸಲಕರಣೆ ಒಪ್ಪಂದ ನವೀಕರಣವಾಗಲಿಲ್ಲ. ವಸಂತದಲ್ಲಿ ಎಲೆಕ್ಟ್ರಿಕಲ್ ಕೆಲಸಕ್ಕೆ ಮರಳಿದರು, ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಪೂರ್ತಿ.

ಸಂಬಳ ಬರತೊಡಗಿದ ಮೇಲೆ ಅಭ್ಯಾಸದಲ್ಲಿ ಸುಧಾರಣೆ ವೇಗ ಪಡೆಯಿತು. ಇದರಲ್ಲಿ ಆಶ್ಚರ್ಯವೇನಿಲ್ಲ, ಪ್ರತಿ ಡಬಲ್‌ನ ಮೇಲೂ ಮನೆ ಬಾಡಿಗೆ ನೇತಾಡುತ್ತಿರಲಿಲ್ಲ. ಮೊದಲಿನಿಂದ, ಒಂದು ಮೀಟರಿನಿಂದಲೇ ಶುರುಮಾಡಿ, ಐದು ತಿಂಗಳಲ್ಲಿ ನೋಡುಗರ ಎದುರು 100ಕ್ಕೆ 6 ತಡೆಗೆ ಇಳಿದರು. ಈಗ ಕೌಂಟಿ ಪಂದ್ಯಗಳಲ್ಲಿ ಸರಾಸರಿ 89, ಡಬಲ್ 36 ಶೇಕಡಾ. ಕ್ಯೂ-ಸ್ಕೂಲ್‌ನಲ್ಲಿ ಕಾರ್ಡ್ ಸಿಗದವರಿಗೆ ತೆರೆದಿರುವ ಚಾಲೆಂಜ್ ಟೂರ್‌ನಲ್ಲಿ ಆಗಾಗ ಆಡುತ್ತಾರೆ.

ಇದೇ ಹಾದಿಯಲ್ಲಿರುವವರಿಗೆ

ಕಾರ್ಡ್ ಸಿಕ್ಕ ದಿನದಿಂದ ಎರಡು ಪಟ್ಟಿ ಇಟ್ಟುಕೊಳ್ಳಿ: ಅಧಿಕೃತ ರ‍್ಯಾಂಕಿಂಗ್ ಒಂದು, ಅತಿ ದೊಡ್ಡ ಒಂದೇ ಬಹುಮಾನವನ್ನು ತೆಗೆದುಹಾಕಿದ ರ‍್ಯಾಂಕಿಂಗ್ ಇನ್ನೊಂದು. ಕೆಲಸ ಬಿಡುವ ಯೋಚನೆಯನ್ನು ಎರಡನೆಯದರ ಮೇಲೆ ಮಾಡಿ. ಒಟ್ಟು ಸರಾಸರಿಯ ಬದಲು ಮೊದಲ ಒಂಬತ್ತರ ಸರಾಸರಿಯನ್ನೂ ಡಬಲ್ ಶೇಕಡಾವಾರನ್ನೂ ಬೇರೆ ಬೇರೆ ಬರೆಯಿರಿ. ಮೊದಲನೆಯದು ನಿಂತು ಎರಡನೆಯದು ಮಾತ್ರ ಜಾರುತ್ತಿದ್ದರೆ ಅಂದೇ ಡಬಲ್‌ಗೆ ಎಸೆಯುವ ವಿಡಿಯೊ ತೆಗೆದು ಕೈಯ ಚಲನೆ ಎಣಿಸಿ.

ಸಲಕರಣೆ ಒಪ್ಪಂದಕ್ಕೆ ಸಹಿ ಮಾಡುವಾಗ ಬ್ಯಾರೆಲ್‌ನ ಆಕಾರ, ಗೀರು, ತೂಕದ ಕೇಂದ್ರ ನಿಮ್ಮ ಹಳೆಯದರಂತೆಯೇ ಇರಬೇಕೆಂದು ಬರೆಸಿಕೊಳ್ಳಿ. ಬಣ್ಣ ಮತ್ತು ಹೆಸರು ಕಂಪನಿಯ ಇಷ್ಟದಂತಿರಲಿ. ಬದಲಿಸಲೇಬೇಕಾದರೆ ವರ್ಷದ ಪಂದ್ಯಗಳು ಮುಗಿದ ಮೇಲೆ, ಒಂದು ಸಲಕ್ಕೆ ಒಂದೇ ಭಾಗ, ಕನಿಷ್ಠ ಆರು ವಾರ. ಯಾವ ವೈದ್ಯರ ಬಳಿ ಹೋದರೂ ಮೊದಲ ವಾಕ್ಯದಲ್ಲೇ ಉದ್ದೀಪನ ಮದ್ದು ನಿಯಮಕ್ಕೆ ಒಳಪಟ್ಟ ಆಟಗಾರ ಎಂದು ಹೇಳಿ. ಕೈ ಮೊದಲ ಸಲ ತಡೆದ ವಾರವೇ ನಂಬಿಕೆಯ ಒಬ್ಬರಿಗಾದರೂ ತಿಳಿಸಿ. ಈ ಪ್ರಕರಣದಲ್ಲಿ ಕಳೆದುಹೋದ ನಾಲ್ಕು ತಿಂಗಳು ಬೇರೆ ಯಾವುದಕ್ಕಿಂತಲೂ ದುಬಾರಿಯಾದವು.

ಬ್ಯಾರೆಲ್ ಬದಲಾವಣೆಯೇ ಕಾರಣವೇ ಎಂದರೆ ಹೌದೆನ್ನಲು ಆಗುವುದಿಲ್ಲ. ಮೊದಲ ಲಕ್ಷಣ ಕಂಡದ್ದು ಅದರ ಬೆನ್ನಲ್ಲೇ ಆದರೂ, ಹಳೆಯ ಬ್ಯಾರೆಲ್‌ಗೆ ಮರಳಿದ ತಕ್ಷಣ ತಡೆ ನಿಲ್ಲಲಿಲ್ಲ. ಬ್ಯಾರೆಲ್ ಕೈಗೆ ಗಮನ ಎಳೆಯಿತು, ಹಣದ ಚಿಂತೆ ಆ ಗಮನವನ್ನು ಭಯವಾಗಿಸಿತು ಎಂಬುದು ತರಬೇತುದಾರರ ಅಂದಾಜು, ನಮಗೂ ಅದೇ ಸರಿಯೆನಿಸುತ್ತದೆ.

ಮತ್ತೆ ಕ್ಯೂ-ಸ್ಕೂಲ್‌ಗೆ ಹೋಗುವ ಬಗ್ಗೆ ಆಟಗಾರ ಮತ್ತು ತರಬೇತುದಾರರು ಒಂದು ಷರತ್ತು ಹಾಕಿಕೊಂಡಿದ್ದಾರೆ. ಕೌಂಟಿ ಪಂದ್ಯಗಳಲ್ಲಿ ಡಬಲ್‌ಗೆ ಎಸೆಯುವಾಗ 100ಕ್ಕೆ 2ಕ್ಕಿಂತ ಕಡಿಮೆ ತಡೆ, ಸತತ ಮೂರು ತಿಂಗಳು. ಈಗಿನ ಎಣಿಕೆ 5. ಈ ವರ್ಷದ ಅರ್ಜಿ ಹಾಕಿಲ್ಲ. ನೋಟ್‌ಬುಕ್ ಮತ್ತೆ ಶುರುವಾಗಿದೆ, ಅದನ್ನು ತುಂಬುವುದು ಈಗ ತರಬೇತುದಾರರು.